ಕೊಗ್ಗಲ ಫಾರ್ವರ್ಡ್ ಮತ್ತು ನಮ್ಮ ಮನೆ ಗುಂಪು

ದೊಡ್ಡಪ್ಪ: (ಫಾರ್ವರ್ಡ್, ಕೊಗ್ಗಲದ ಫೋಟೋ ಸಮೇತ) ಎರಡನೇ ಮಹಾಯುದ್ಧ, 1942ರ ಏಪ್ರಿಲ್ 4. ಶ್ರೀಲಂಕಾದ ಕೊಗ್ಗಲದಿಂದ ಹಾರಿದ ಒಂದೇ ಒಂದು ಕ್ಯಾಟಲಿನಾ ವಿಮಾನ ಜಪಾನಿನ ನೌಕಾಪಡೆಯನ್ನು ಕಂಡುಹಿಡಿಯಿತು. ಕೊಲಂಬೊ ಉಳಿಯಿತು! ಎಲ್ಲರಿಗೂ ಹಂಚಿ 🙏

ಶುಭಾ: ದೊಡ್ಡಪ್ಪ, ಕಂಡದ್ದು ನಿಜ. ಪೈಲಟ್ ಲೆನಾರ್ಡ್ ಬರ್ಚಲ್, ಕೆನಡಾದವರು. ಆದರೆ ಉಳಿದದ್ದೆಲ್ಲಿ? ಮರುದಿನ ಈಸ್ಟರ್ ಭಾನುವಾರ ಬಾಂಬ್ ಬಿದ್ದೇ ಬಿತ್ತು ಅಲ್ವಾ? ಕೊಲಂಬೊ ಪಕ್ಕದ ರತ್ಮಲಾನಾದಿಂದ ಬ್ರಿಟಿಷರ ಹರಿಕೇನ್ ಯುದ್ಧವಿಮಾನಗಳು ಮೇಲೇಳುವಾಗಲೇ ಶತ್ರು ತಲೆ ಮೇಲಿದ್ದ.

ದೊಡ್ಡಪ್ಪ: ಕೊಲಂಬೊದ ರೇಸ್‌ಕೋರ್ಸ್ ಮೈದಾನದಿಂದ ಎದ್ದ ವಿಮಾನಗಳನ್ನು ಮರೆತೆಯಾ? ಅಲ್ಲಿ ರನ್‌ವೇ ಇರುವುದು ಜಪಾನಿನವರಿಗೆ ಗೊತ್ತೇ ಇರಲಿಲ್ಲ. ಹಡಗುಗಳೂ ಬಂದರು ಬಿಟ್ಟು ಹೋಗಿದ್ದವು.

ಶುಭಾ: ಹೋದವೆಲ್ಲ ಬದುಕಲಿಲ್ಲ. 4ರ ರಾತ್ರಿ ಕೊಲಂಬೊ ಬಿಟ್ಟ ಬ್ರಿಟಿಷ್ ಯುದ್ಧನೌಕೆಗಳಾದ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಮರುದಿನ ನಡುಸಮುದ್ರದಲ್ಲಿ ಮುಳುಗಿದವು. 424 ಜನ ಸತ್ತರು. ಅದೂ ಅಲ್ಲದೆ, ದಾಳಿ ಬರುತ್ತದೆ ಅಂತ ಬ್ರಿಟಿಷರಿಗೆ ಮಾರ್ಚ್ ಕೊನೆಗೇ ಸುಳಿವಿತ್ತು. ಅದಕ್ಕೇ ತಾನೇ ಬರ್ಚಲ್ ಹುಡುಕಲು ಹೋದದ್ದು?

ದೊಡ್ಡಪ್ಪ: ಆ ಮನುಷ್ಯ ಸಂದೇಶ ಕಳಿಸುತ್ತಿರುವಾಗಲೇ ಜಪಾನಿನ ಜೀರೋ ಯುದ್ಧವಿಮಾನಗಳು ಮುತ್ತಿಕೊಂಡು ಹೊಡೆದವು. 1945ರವರೆಗೆ ಸೆರೆಯಲ್ಲಿದ್ದ. ನೀನು ಸೋಫಾ ಮೇಲೆ ಕೂತು ಲೆಕ್ಕ ಕೇಳುತ್ತೀಯಲ್ಲ ಪುಟ್ಟಿ!

ಚಿಕ್ಕಪ್ಪ: ಜಗಳ ಆಮೇಲೆ. ಫೋಟೋದಲ್ಲಿ ಬರೀ ನೀರಿದೆ, ರನ್‌ವೇ ಎಲ್ಲಿ?

ಶುಭಾ: ನೀರೇ ರನ್‌ವೇ ಚಿಕ್ಕಪ್ಪ. ಗಾಲೆ ಹತ್ತಿರ, ಸಮುದ್ರಕ್ಕೆ ಅಂಟಿಕೊಂಡ ಕೆರೆ. ಕ್ಯಾಟಲಿನಾ ನೀರಿನ ಮೇಲೇ ಇಳಿಯುತ್ತದೆ. 1943ರಿಂದ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್‌ನವರು ಪರ್ತ್‌ನಿಂದ ಇದರಲ್ಲೇ ಕೊಗ್ಗಲಕ್ಕೆ ಎಲ್ಲೂ ನಿಲ್ಲದೆ ಬರುತ್ತಿದ್ದರು. 27ರಿಂದ 33 ಗಂಟೆ! ಶತ್ರುವಿಗೆ ಗೊತ್ತಾಗದಂತೆ ರೇಡಿಯೋ ಬಂದ್. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ. ಇಂಧನದ ಭಾರಕ್ಕೆ ಮೂರೇ ಪ್ರಯಾಣಿಕರು.

ಚಿಕ್ಕಪ್ಪ: ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಯುದ್ಧದ ಕಾಲದಲ್ಲಿ ಕ್ಯಾಟಲಿನಾ ರಿಪೇರಿ ಮಾಡುತ್ತಿದ್ದರು.

ಅತ್ತೆ: ಅಣ್ಣಾ, ನಿನ್ನ ಫಾರ್ವರ್ಡಿನಲ್ಲಿ ಊರಿನವರ ಸುದ್ದಿಯೇ ಇಲ್ಲ. ವಿಮಾನ ನೆಲೆಗೆ ಅಂತ ಹಳ್ಳಿಯನ್ನೇ ಖಾಲಿ ಮಾಡಿಸಿದರು. ಸಿಂಹಳ ಲೇಖಕ ಮಾರ್ಟಿನ್ ವಿಕ್ರಮಸಿಂಘೆ ಹುಟ್ಟಿದ ಊರು ಅದು. ಅವರ ಮನೆ ಮಾತ್ರ ಉಳಿಯಿತು, ಈಗ ಮ್ಯೂಸಿಯಂ. ಗಂಟುಮೂಟೆ ಕಟ್ಟಿದವರಿಗೆ ಯಾರು ಪದಕ ಕೊಟ್ಟರು?

ಶುಭಾ: ಅತ್ತೆ 👏 ಇದನ್ನು ಫಾರ್ವರ್ಡಿಗೆ ಸೇರಿಸಿ ದೊಡ್ಡಪ್ಪ.

ದೊಡ್ಡಪ್ಪ: ಅದನ್ನು ಸೇರಿಸುತ್ತೇನೆ. ಬರ್ಚಲ್ ವಿಷಯದಲ್ಲಿ ಮಾತ್ರ ಬಗ್ಗುವುದಿಲ್ಲ. ವಾಕಿಂಗ್ ಗುಂಪಿಗೂ ಕಳಿಸಿ ಆಯಿತು.