ಡೂಮ್ ವ್ಯಾಡ್ ಫೈಲ್ ಬಿಚ್ಚುವ ಪೈಥಾನ್ ಸ್ಕ್ರಿಪ್ಟ್: ಸುಮಾರು 80 ಫೈಲ್ ಎಲ್ಲಿ ಹೋದವು?

ಸೊನ್ನೆಒಂದು:

ಎಲ್ಲರಿಗೂ ನಮಸ್ಕಾರ. ಡೂಮ್ ಗೇಮಿನ ಶೇರ್‌ವೇರ್ (ಉಚಿತ ಆವೃತ್ತಿ) 1.9ರ ವ್ಯಾಡ್ ಫೈಲ್, ಅಂದರೆ ಮ್ಯಾಪ್, ಚಿತ್ರ, ಸದ್ದುಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಫೈಲ್ ಬಿಚ್ಚಿ, ಒಳಗಿರುವುದನ್ನೆಲ್ಲ ಒಂದು ಫೋಲ್ಡರ್‌ಗೆ ಸುರಿಯುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ರೆಡಿಮೇಡ್ ಟೂಲ್‌ಗಳಿವೆ ಅಂತ ಗೊತ್ತು, ಸ್ಲೇಡ್ ಹಾಕಿ ನೋಡಿದ್ದೇನೆ. ಆದರೆ ಬೈನರಿ ಫೈಲ್ ಓದುವುದು ಹೇಗೆ ಅಂತ ಕಲಿಯೋದೇ ಉದ್ದೇಶ, ಹಾಗಾಗಿ "ಸುಮ್ನೆ ಟೂಲ್ ಬಳಸಿ" ಅನ್ನಬೇಡಿ.

ಇಲ್ಲಿವರೆಗೆ ಮಾಡಿರುವುದು ಇಷ್ಟು. ಮೊದಲ 12 ಬೈಟ್ ಓದುತ್ತೇನೆ. ಮೊದಲ ನಾಲ್ಕರಲ್ಲಿ 'ಐವ್ಯಾಡ್' ಅನ್ನುವ ಅಕ್ಷರಗಳು, ಮುಂದಿನ ನಾಲ್ಕರಲ್ಲಿ ಒಟ್ಟು ಎಷ್ಟು ಲಂಪ್ (ಒಳಗಿರುವ ಒಂದೊಂದು ಡೇಟಾ ತುಂಡು) ಇವೆ ಅನ್ನೋದು, ಕೊನೆಯ ನಾಲ್ಕರಲ್ಲಿ ಲಂಪ್‌ಗಳ ಪಟ್ಟಿ ಎಲ್ಲಿ ಶುರುವಾಗುತ್ತದೆ ಅನ್ನುವ ಆಫ್‌ಸೆಟ್. ಅಲ್ಲಿಗೆ ಸೀಕ್ ಮಾಡಿ 16 ಬೈಟ್‌ನಂತೆ ಓದಿದರೆ ಪ್ರತಿ ಲಂಪಿನ ಆಫ್‌ಸೆಟ್, ಗಾತ್ರ, ಮತ್ತೆ 8 ಬೈಟಿನ ಹೆಸರು ಸಿಗುತ್ತದೆ. ಆ ಹೆಸರಲ್ಲೇ ಫೈಲ್ ಬರೆಯುತ್ತೇನೆ. ಎರರ್ ಒಂದೂ ಬರಲ್ಲ.

ಆದರೆ ಹೆಡರ್ (ಆ ಮೊದಲ 12 ಬೈಟ್) 1264 ಲಂಪ್ ಅನ್ನುತ್ತದೆ, ಫೋಲ್ಡರ್‌ನಲ್ಲಿ ಸುಮಾರು 80 ಕಡಿಮೆ ಇವೆ. ಕೆಲವು ಫೈಲ್ ಸೊನ್ನೆ ಬೈಟ್. ಚಿತ್ರಗಳಿಗೆ ಪಿಎನ್‌ಜಿ ಅಂತ ಎಕ್ಸ್‌ಟೆನ್ಶನ್ ಕೊಟ್ಟರೂ ತೆರೆಯುತ್ತಿಲ್ಲ. ಇದೇ ಸ್ಕ್ರಿಪ್ಟನ್ನು ಸ್ವಲ್ಪ ತಿದ್ದಿ ಕ್ವೇಕ್ ಗೇಮಿನ ಶೇರ್‌ವೇರಿನಲ್ಲಿ ಇಂಥದೇ ಕೆಲಸ ಮಾಡುವ ಪಾಕ್ ಫೈಲ್ ಮೇಲೆ ಓಡಿಸಿದರೆ 339ಕ್ಕೆ 339 ಸರಿಯಾಗಿ ಬಂತು. ಡೂಮ್‌ನಲ್ಲಿ ಮಾತ್ರ ಯಾಕೆ ಹೀಗೆ?

ಕೀಲಿಮಣೆ:

ನೀವು ಕೊಟ್ಟ 80 ಅನ್ನುವ ಸಂಖ್ಯೆಯಲ್ಲೇ ಉತ್ತರ ಇದೆ. ಶೇರ್‌ವೇರಿನಲ್ಲಿ ಒಂಬತ್ತು ಮ್ಯಾಪ್, ಇ1ಎಂ1ರಿಂದ ಇ1ಎಂ9. ಒಂದೊಂದು ಮ್ಯಾಪಿಗೂ ಹತ್ತು ಲಂಪ್: ಥಿಂಗ್ಸ್, ಲೈನ್‌ಡೆಫ್ಸ್, ಸೈಡ್‌ಡೆಫ್ಸ್, ವರ್ಟೆಕ್ಸಸ್, ಹೀಗೆ ಬ್ಲಾಕ್‌ಮ್ಯಾಪ್‌ವರೆಗೆ. ಎಲ್ಲಾ ಮ್ಯಾಪಿನಲ್ಲೂ ಇವಕ್ಕೆ ಅದೇ ಹೆಸರು. ಅಂದರೆ 90 ಲಂಪ್, ಹೆಸರು ಮಾತ್ರ ಹತ್ತು. ನಿಮ್ಮ ಸ್ಕ್ರಿಪ್ಟ್ ಒಂದರ ಮೇಲೊಂದು ಬರೆಯುತ್ತಾ ಹೋಗಿದೆ, ಪೈಥಾನ್ ಅದಕ್ಕೆಲ್ಲ ಕೇಳೋದೂ ಇಲ್ಲ ಹೇಳೋದೂ ಇಲ್ಲ. ಈಗ ಫೋಲ್ಡರಿನಲ್ಲಿರುವ ಥಿಂಗ್ಸ್ ಫೈಲ್ ಇ1ಎಂ9ರದ್ದು, ಮಿಕ್ಕ ಎಂಟು ಮ್ಯಾಪಿನದ್ದು ಹೋಯಿತು.

ಸೊನ್ನೆ ಬೈಟಿನ ಫೈಲುಗಳನ್ನು ಕಸ ಅಂತ ಬಿಸಾಡಬೇಡಿ, ಅವು ಮಾರ್ಕರ್‌ಗಳು. ಪಟ್ಟಿಯಲ್ಲಿ ಇ1ಎಂ1 ಅಂತ ಸೊನ್ನೆ ಗಾತ್ರದ ಲಂಪ್ ಬಂತು ಅಂದರೆ ಅದರ ನಂತರ ಬರುವ ಹತ್ತು ಆ ಮ್ಯಾಪಿಗೆ ಸೇರಿದವು ಅಂತ ಅರ್ಥ. ಹಾಗೇ ಎಫ್_ಸ್ಟಾರ್ಟ್, ಎಫ್_ಎಂಡ್ ನಡುವೆ ನೆಲ ಮತ್ತು ಚಾವಣಿಯ ಚಿತ್ರಗಳು, ಎಸ್_ಸ್ಟಾರ್ಟ್, ಎಸ್_ಎಂಡ್ ನಡುವೆ ರಾಕ್ಷಸರು ಮುಂತಾದವುಗಳ ಚಿತ್ರಗಳು (ಸ್ಪ್ರೈಟ್). ಕ್ವೇಕ್ ಪಾಕ್‌ನಲ್ಲಿ ಹೆಸರಿಗೆ 56 ಬೈಟ್ ಇದೆ, ಫೋಲ್ಡರ್ ಸಮೇತ ಪೂರ್ತಿ ದಾರಿ ಬರೆದಿರುತ್ತಾರೆ, ಅದಕ್ಕೇ ಅಲ್ಲಿ ಗೋಳಿಲ್ಲ. 1993ರ ವ್ಯಾಡ್‌ನಲ್ಲಿ ಫೋಲ್ಡರ್ ಅನ್ನುವ ಕಲ್ಪನೆಯೇ ಇಲ್ಲ. ಅದೊಂದು ಸಾಲುಪಟ್ಟಿ, ಯಾವುದರ ಹಿಂದೆ ಯಾವುದು ಅನ್ನೋದೇ ಮುಖ್ಯ.

ಪರಿಹಾರ ಸುಲಭ. ಮ್ಯಾಪ್ ಮಾರ್ಕರ್ ಕಂಡಾಗ ಅದರ ಹೆಸರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಮುಂದಿನ ಹತ್ತು ಲಂಪಿಗೆ ಅದನ್ನು ಮುಂದೆ ಸೇರಿಸಿ. ಕ್ಲಾಸಲ್ಲಿ ಮೂವರು ಮಂಜುನಾಥ ಇದ್ದರೆ ಇನಿಷಿಯಲ್ ಹಾಕಿ ಕರೆಯುತ್ತಾರಲ್ಲ, ಅಷ್ಟೇ. ಜೊತೆಗೆ ಫೈಲ್ ಹೆಸರಿನ ಶುರುವಿನಲ್ಲಿ ಲಂಪಿನ ಕ್ರಮಸಂಖ್ಯೆ ಕೂಡ ಹಾಕಿ, 0006 ಅನ್ನೋ ಥರ. ಮುಂದೆ ವಾಪಸ್ ಪ್ಯಾಕ್ ಮಾಡುವ ಮನಸ್ಸಾದರೆ ಕ್ರಮ ಕೈಯಲ್ಲೇ ಇರುತ್ತದೆ.

ಬಿಟ್ಟಿಬೈಟು:

ಚಿತ್ರದ ವಿಷಯ ನಾನು ಹೇಳುತ್ತೇನೆ. ಅದರಲ್ಲಿ ಪಿಎನ್‌ಜಿ ಎಲ್ಲಿಂದ ಬರಬೇಕು ಗುರು, ಡೂಮ್ ಬಂದಾಗ ಪಿಎನ್‌ಜಿ ಇನ್ನೂ ಹುಟ್ಟಿರಲಿಲ್ಲ! ಇರುವುದು ಬರೀ ಬಣ್ಣದ ನಂಬರ್. 'ಪ್ಲೇಪಾಲ್' ಅಂತ ಒಂದು ಲಂಪ್ ಇದೆ ನೋಡಿ, 10,752 ಬೈಟ್. 256 ಬಣ್ಣ, ಒಂದೊಂದಕ್ಕೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್, ಅಲ್ಲಿಗೆ 768. ಅಂಥ 14 ಬಣ್ಣದ ಪಟ್ಟಿ (ಪ್ಯಾಲೆಟ್) ಸಾಲಾಗಿ ಇವೆ. ನಿಮಗೆ ಬೇಕಿರುವುದು ಮೊದಲನೆಯದು ಮಾತ್ರ. ಉಳಿದವು ಪೆಟ್ಟು ಬಿದ್ದಾಗ ಪರದೆ ಕೆಂಪಾಗೋದಕ್ಕೆ, ಏನಾದರೂ ಎತ್ತಿಕೊಂಡಾಗ ಹಳದಿ ಮಿಂಚೋದಕ್ಕೆ, ರೇಡಿಯೇಶನ್ ಸೂಟ್ ಹಾಕಿದಾಗ ಹಸಿರಾಗೋದಕ್ಕೆ. ಪರದೆಯ ಒಂದು ಪಿಕ್ಸೆಲ್ಲನ್ನೂ ಮುಟ್ಟದೆ ಬರೀ ಪ್ಯಾಲೆಟ್ ಬದಲಿಸಿ ಆ ಎಫೆಕ್ಟ್ ತರುತ್ತಿದ್ದರು, ನನಗೆ ಇಡೀ ಗೇಮಿನಲ್ಲಿ ಇಷ್ಟವಾದ ಐಡಿಯಾ ಇದು.

ಸ್ಪ್ರೈಟ್‌ನಿಂದ ಶುರು ಮಾಡಬೇಡಿ, ತಲೆ ಕೆಡುತ್ತದೆ. ಅವು ಅಡ್ಡಸಾಲಿನಲ್ಲಿಲ್ಲ, ಉದ್ದುದ್ದ ಕಂಬಗಳಾಗಿ ಇಟ್ಟಿದ್ದಾರೆ. ಒಂದೊಂದು ಕಂಬದಲ್ಲೂ ಪಾರದರ್ಶಕ ಜಾಗ ಬಿಟ್ಟು ಉಳಿದದ್ದು ತುಂಡುತುಂಡಾಗಿ ಇರುತ್ತದೆ, 255 ಅನ್ನುವ ಬೈಟ್ ಬಂದರೆ ಕಂಬ ಮುಗಿಯಿತು ಅಂತ. ಮೊದಲು ಎಫ್_ಸ್ಟಾರ್ಟ್ ಒಳಗಿನದ್ದು ಹಿಡಿಯಿರಿ. ಅಲ್ಲಿ ಹೆಡರ್ರೂ ಇಲ್ಲ ಮಣ್ಣೂ ಇಲ್ಲ, 64 ಗುಣಿಸು 64, ಸರಿಯಾಗಿ 4096 ಬೈಟ್. ಮಧ್ಯದಲ್ಲಿ ಎಫ್1_ಸ್ಟಾರ್ಟ್ ಥರದ ಸೊನ್ನೆ ಬೈಟಿನವು ಸಿಕ್ಕರೆ ದಾಟಿ ಹೋಗಿ. 'ನ್ಯೂಕೇಜ್1' ತೆಗೆದು ಪ್ಯಾಲೆಟ್ ಹಚ್ಚಿ, ಪೈಥಾನ್‌ನಲ್ಲಿ ಚಿತ್ರಗಳಿಗೆ ಬಳಸುವ ಪಿಲ್ಲೋ ಲೈಬ್ರರಿಯಲ್ಲಿ ನಾಲ್ಕು ಸಾಲಿನ ಕೆಲಸ. ಮೊದಲನೇ ಮ್ಯಾಪಿನ ಆ ಹಸಿರು ಕೊಚ್ಚೆ ಕಂಡರೆ ನಿಮ್ಮ ಆಫ್‌ಸೆಟ್‌ಗಳೆಲ್ಲ ಸರಿ ಇವೆ ಅಂತ.

ಹಳೇಗೇಮರ್:

ಟೂಲ್ ಅನ್ನಬೇಡಿ ಅಂದಿದ್ದೀರಿ, ಆದರೂ ಅಂತೀನಿ. ಲುಯಿಜಿ ಔರಿಯೆಮ್ಮಾ ಬರೆದ ಕ್ವಿಕ್‌ಬಿಎಂಎಸ್ ಒಮ್ಮೆ ನೋಡಿ. ಅದು ಪೂರ್ತಿ ರೆಡಿಮೇಡ್ ಅಲ್ಲ, ಆರ್ಕೈವಿನ ರಚನೆಯನ್ನು ನೀವೇ ಚಿಕ್ಕ ಸ್ಕ್ರಿಪ್ಟಾಗಿ ಬರೆದುಕೊಡಬೇಕು. ಬೇರೆಯವರು ನೂರಾರು ಗೇಮಿಗೆ ಬರೆದ ಸ್ಕ್ರಿಪ್ಟ್ ಓದೋದೇ ಒಂದು ಪಾಠ. ಒಂದೊಂದು ಗೇಮಿಗೆ ಒಂದೊಂದು ಹುಚ್ಚು. ಡ್ಯೂಕ್ ನ್ಯೂಕೆಮ್ 3ಡಿ ಗೇಮಿನ ಜಿಆರ್‌ಪಿ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಮೊದಲ 12 ಬೈಟಿನಲ್ಲಿ ಎಂಜಿನ್ ಬರೆದ ಕೆನ್ ಸಿಲ್ವರ್‌ಮನ್ ಹೆಸರೇ ಇದೆ! ಆ ಪಟ್ಟಿಯಲ್ಲಿ ಹೆಸರು ಮತ್ತು ಗಾತ್ರ ಮಾತ್ರ ಇರುತ್ತದೆ, ಆಫ್‌ಸೆಟ್ ಕೊಟ್ಟಿಲ್ಲ. ಗಾತ್ರಗಳನ್ನು ಕೂಡುತ್ತಾ ಕೂಡುತ್ತಾ ನೀವೇ ಕಂಡುಕೊಳ್ಳಬೇಕು. ಕ್ವೇಕ್ 3ರ ಪಿಕೆ3 ಆದರೆ ಬರೀ ಜಿಪ್, ಅದಕ್ಕೆ ಸ್ಕ್ರಿಪ್ಟೇ ಬೇಡ. ಗೊತ್ತಿಲ್ಲದ ಆರ್ಕೈವಿನಲ್ಲಿ ಫೈಲ್ ಶುರುವಾಗುವ ಜಾಗದಲ್ಲೆಲ್ಲ ಹೆಕ್ಸ್ 78 9ಸಿ ಅಥವಾ 78 ಡಿಎ ಕಾಣಿಸಿದರೆ ಬಹುತೇಕ ಜೆಡ್‌ಲಿಬ್‌ನಿಂದ ಕುಗ್ಗಿಸಿದ್ದು, ಪೈಥಾನ್‌ನ ಜೆಡ್‌ಲಿಬ್ ಮಾಡ್ಯೂಲಿಗೆ ಕೊಟ್ಟು ನೋಡಿ.

ಇನ್ನೆರಡು ಮಾತು. ಪಟ್ಟಿಯಲ್ಲಿರುವ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ಡೂಮ್ 2ರ ಆರ್ಚ್‌ವೈಲ್ ಅನ್ನುವ ರಾಕ್ಷಸನಿಗೆ ಫ್ರೇಮ್ (ಚಲನೆಯ ಚಿತ್ರ) ಜಾಸ್ತಿ, ಹೆಸರಿನಲ್ಲಿರುವ ಫ್ರೇಮಿನ ಅಕ್ಷರ ಎ ಇಂದ ಜೆಡ್ ಮುಗಿದು ಆಸ್ಕಿಯಲ್ಲಿ ಅದರ ಮುಂದಿನ ಚಿಹ್ನೆಗಳಿಗೆ ಹೋಗಿದೆ, ಅದರಲ್ಲೊಂದು ಬ್ಯಾಕ್‌ಸ್ಲ್ಯಾಶ್. ವಿಂಡೋಸ್ ಅದನ್ನು ಫೋಲ್ಡರ್ ಅಂದುಕೊಂಡು ಸ್ಕ್ರಿಪ್ಟ್ ಅಲ್ಲೇ ಬೀಳುತ್ತದೆ. ಬೇರೆ ಗೇಮಿನ ಆರ್ಕೈವ್, ಅದರಲ್ಲೂ ಎಲ್ಲಿಂದಲೋ ಇಳಿಸಿದ ಮಾಡ್ (ಆಟಗಾರರು ತಿದ್ದಿದ ಆವೃತ್ತಿ) ಆದರೆ, ಹೆಸರಿನಲ್ಲಿ ಎರಡು ಚುಕ್ಕೆ ಹಾಕಿ ನಿಮ್ಮ ಫೋಲ್ಡರಿನ ಹೊರಗೆ ಬರೆಸುವ ಕಿಲಾಡಿಗಳೂ ಇದ್ದಾರೆ. ಬರೆಯುವ ಮುಂಚೆ ದಾರಿ ಫೋಲ್ಡರಿನೊಳಗೇ ಇದೆಯಾ, ಆಫ್‌ಸೆಟ್‌ಗೆ ಗಾತ್ರ ಕೂಡಿಸಿದರೆ ಫೈಲಿನ ಉದ್ದ ಮೀರುತ್ತದಾ, ಎರಡನ್ನೂ ನೋಡಿ.

ಮತ್ತೆ ಡೂಮ್ ಸೋರ್ಸ್ ಕೋಡನ್ನು 1997ರಲ್ಲಿ ಬಿಟ್ಟರು ಅಂತ ಚಿತ್ರ, ಸದ್ದುಗಳೂ ಎಲ್ಲರದ್ದು ಅಂದುಕೊಳ್ಳುವವರಿದ್ದಾರೆ. ಹಾಗಲ್ಲ, ಬಿಟ್ಟಿದ್ದು ಕೋಡ್ ಮಾತ್ರ. ಕಲಿಯೋಕೆ ಬಿಚ್ಚಿ ನೋಡಿ, ತೊಂದರೆ ಇಲ್ಲ. ನಿಮ್ಮ ಗೇಮಿಗೆ ಹಾಕಬೇಕು ಅಂದರೆ ಮುಕ್ತವಾಗಿ ಬಳಸಬಹುದಾದ ಫ್ರೀಡೂಮ್‌ನ ವ್ಯಾಡ್ ತಗೊಳ್ಳಿ, ಅದೂ ಇದೇ ಫಾರ್ಮ್ಯಾಟ್.

ಸೊನ್ನೆಒಂದು:

ಮೂವರಿಗೂ ಥ್ಯಾಂಕ್ಸ್. ಕ್ರಮಸಂಖ್ಯೆ ಹಾಕಿದ ಮೇಲೆ 1264ಕ್ಕೆ 1264 ಬಂತು. ಹಸಿರು ಕೊಚ್ಚೆಯೂ ಬಂತು. ಕೊನೆಗೊಂದು ಪ್ರಶ್ನೆ: ಪಿಸ್ತೂಲಿನ ಸದ್ದು 'ಡಿಎಸ್‌ಪಿಸ್ಟಲ್' ಮತ್ತು 'ಡಿಪಿಪಿಸ್ಟಲ್' ಅಂತ ಎರಡು ಇವೆ, ಯಾವುದನ್ನೂ ಪ್ಲೇಯರ್ ತೆಗೆದುಕೊಳ್ಳುತ್ತಿಲ್ಲ.

ಕೀಲಿಮಣೆ:

ಡಿಪಿ ಅಂತ ಶುರುವಾಗುವವು ಹಳೇ ಪಿಸಿ ಸ್ಪೀಕರಿನ ಕೀಂಕೀಂ ಸದ್ದಿಗೆ, ಈಗ ಬಿಟ್ಟುಬಿಡಿ. ಡಿಎಸ್ ತಗೊಳ್ಳಿ. ಮೊದಲ 2 ಬೈಟಿನಲ್ಲಿ 3 ಅನ್ನುವ ಸಂಖ್ಯೆ ಇರುತ್ತದೆ, ಮುಂದಿನ ಎರಡರಲ್ಲಿ ಸ್ಯಾಂಪಲ್ ರೇಟ್, ಸಾಮಾನ್ಯವಾಗಿ 11025. ಆಮೇಲೆ 4 ಬೈಟಿನಲ್ಲಿ ಎಷ್ಟು ಸ್ಯಾಂಪಲ್ ಅನ್ನೋದು. ಆ ಲೆಕ್ಕದಲ್ಲಿ ಹಿಂದೆ ಮುಂದೆ 16, 16 ಬೈಟ್ ಭರ್ತಿಗೆ ಹಾಕಿದ್ದೂ ಸೇರಿರುತ್ತದೆ, ಅದನ್ನು ಕತ್ತರಿಸಿ. ಉಳಿದದ್ದು 8 ಬಿಟ್ ಅನ್‌ಸೈನ್ಡ್ ಸ್ಯಾಂಪಲ್, 8 ಬಿಟ್ ವೇವ್ ಫೈಲ್ ಕೇಳುವುದೂ ಅದನ್ನೇ. ಪೈಥಾನ್‌ನ ವೇವ್ ಮಾಡ್ಯೂಲಿಗೆ ಒಂದು ಚಾನೆಲ್, ಒಂದು ಬೈಟ್ ಅಗಲ, 11025 ಅಂತ ಹೇಳಿ ಹಾಗೇ ಬರೆಯಿರಿ.

ಡಿ_ ಅಂತ ಶುರುವಾಗುವ ಸಂಗೀತ ಮಾತ್ರ ಎಂಯುಎಸ್ ಅನ್ನುವ ಬೇರೆ ಫಾರ್ಮ್ಯಾಟ್. ಮಿಡಿ ಅಂತ ಹೆಸರು ಬದಲಿಸಿದರೆ ಹಾಡಲ್ಲ, ಇವೆಂಟ್‌ಗಳನ್ನು ಒಂದೊಂದಾಗಿ ಮಿಡಿಗೆ ಬದಲಾಯಿಸಬೇಕು. ಅದಕ್ಕೆ ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಮಾತಾಡೋಣ.