ಐಸಿಯು ರೋಗಿಯ ಫಾಸ್ಫೇಟ್ ಕುಸಿದಾಗ ನೀವು ಏನು ಮಾಡುತ್ತೀರಿ?

ಪ್ರಶ್ನೆ: ಜಿಲ್ಲಾ ಕೇಂದ್ರದ ಸಣ್ಣ ಐಸಿಯುನಲ್ಲಿದ್ದೇನೆ. ಕುಡಿತದಿಂದ ಸೊರಗಿ ಊಟ ಬಿಟ್ಟಿದ್ದ, 50 ಕೆ.ಜಿ. ತೂಕದ ರೋಗಿ. ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದಾರೆ. ಮೂಗಿನ ನಳಿಕೆಯಲ್ಲಿ ಆಹಾರ ಶುರುವಾದ ಮೂರನೆಯ ದಿನಕ್ಕೆ ಫಾಸ್ಫೇಟ್ 2.9ರಿಂದ 1.1 ಮಿ.ಗ್ರಾಂ/ಡೆಸಿಲೀಟರ್‌ಗೆ ಇಳಿದಿದೆ. ಪೊಟ್ಯಾಸಿಯಂ 3.2, ಕ್ರಿಯಾಟಿನಿನ್ ಸರಿಯಿದೆ. ವೆಂಟಿಲೇಟರ್ ಬಿಡಿಸಲು ಆಗುತ್ತಿಲ್ಲ. ನಿಮ್ಮಲ್ಲಿ ರೂಢಿ ಏನು?

ತೀವ್ರ ನಿಗಾ ವೈದ್ಯ, ಮೈಸೂರು: ಇದು ರೀಫೀಡಿಂಗ್ ಸಿಂಡ್ರೋಮ್ (ಹಸಿದ ದೇಹಕ್ಕೆ ಮತ್ತೆ ಆಹಾರ ಕೊಟ್ಟಾಗ ಲವಣಗಳಲ್ಲಿ ಆಗುವ ಏರುಪೇರು), ಡಾಕ್ಟರೇ. ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್‌ನ 2020ರ ಮಾನದಂಡದ ಪ್ರಕಾರ, ಆಹಾರ ಮತ್ತೆ ಶುರುವಾದ ಐದು ದಿನದೊಳಗೆ ಫಾಸ್ಫೇಟ್ ಶೇ 30ಕ್ಕಿಂತ ಹೆಚ್ಚು ಇಳಿದರೆ ತೀವ್ರ. ನಿಮ್ಮದು ಶೇ 60 ದಾಟಿದೆ. ಹಸಿದ ದೇಹಕ್ಕೆ ಸಕ್ಕರೆ ಸಿಕ್ಕೊಡನೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಫಾಸ್ಫೇಟನ್ನೂ ಜೀವಕೋಶಗಳು ಎಳೆದುಕೊಳ್ಳುತ್ತವೆ. ಫಾಸ್ಫೇಟ್ ಕಡಿಮೆಯಾದರೆ ವಪೆಯ ಬಲ ಕುಗ್ಗುತ್ತದೆ ಎಂಬುದನ್ನು ವೆಂಟಿಲೇಟರ್ ರೋಗಿಗಳಲ್ಲಿ ಅಳೆದು 1985ರಲ್ಲೇ ಪ್ರಕಟಿಸಿದ್ದಾರೆ. ಇದನ್ನು ಸರಿಪಡಿಸುವ ತನಕ ಬಿಡಿಸುವ ಪ್ರಯತ್ನ ಬೇಡ.

ನಾನಾದರೆ ಕೆ.ಜಿ.ಗೆ 0.4ರಂತೆ 20 ಮಿಲಿಮೋಲ್ ಬರೆದು ಆರು ಗಂಟೆಯಲ್ಲಿ ಹರಿಸುತ್ತೇನೆ. ಸೆಂಟ್ರಲ್ ಲೈನ್ ಇದ್ದರೆ 250 ಎಂ.ಎಲ್. ನಾರ್ಮಲ್ ಸಲೈನ್‌ನಲ್ಲಿ, ಕೈಯ ರಕ್ತನಾಳವಾದರೆ 500ರಲ್ಲಿ. ಎಡವುವುದು ಪೊಟ್ಯಾಸಿಯಂ ಲೆಕ್ಕದಲ್ಲಿ. ಪೊಟ್ಯಾಸಿಯಂ ಫಾಸ್ಫೇಟ್ ಸಾಮಾನ್ಯವಾಗಿ ಎಂ.ಎಲ್.ಗೆ 3 ಮಿಲಿಮೋಲ್ ಫಾಸ್ಫೇಟ್, 4.4 ಮಿಲಿಮೋಲ್ ಪೊಟ್ಯಾಸಿಯಂ. ಅಂದರೆ ಈ ಡ್ರಿಪ್‌ನಲ್ಲೇ ಸುಮಾರು 29 ಮಿಲಿಮೋಲ್ ಪೊಟ್ಯಾಸಿಯಂ ಹೋಗುತ್ತದೆ. 3.2 ಇದೆಯೆಂದು ಬೇರೆಯಾಗಿ ಪೂರ್ತಿ ಡೋಸ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಹಾಕಿದಿರೋ, ಎರಡೂ ಕೂಡಿಕೊಳ್ಳುತ್ತವೆ. ಮುಗಿದ ಮೇಲೆ ಫಾಸ್ಫೇಟ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರನ್ನೂ ಮತ್ತೆ ನೋಡಿ. ಒಂದೇ ಡೋಸ್‌ಗೆ ಸರಿಹೋಗುತ್ತದೆ ಎಂಬ ನಿರೀಕ್ಷೆ ಬೇಡ.

ಆಹಾರ ತಜ್ಞೆ, ಹುಬ್ಬಳ್ಳಿ: ಡ್ರಿಪ್ ಸರಿ, ಸರ್. ಆದರೆ ಆಹಾರದ ವೇಗ ಇಳಿಸದಿದ್ದರೆ ಇತ್ತ ಹಾಕಿದ್ದು ಅತ್ತ ಮಾಯವಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಐಸಿಯುಗಳಲ್ಲಿ ಇಂಥ 339 ರೋಗಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಗಂಟೆಗೆ 20 ಕಿಲೋಕ್ಯಾಲರಿಗೆ ಇಳಿಸಿ, ಕನಿಷ್ಠ ಎರಡು ದಿನ ಅಲ್ಲೇ ನಿಲ್ಲಿಸಿದ ಗುಂಪಿನಲ್ಲಿ 60ನೇ ದಿನಕ್ಕೆ ಶೇ 91 ಮಂದಿ ಬದುಕಿದ್ದರು; ಎಂದಿನಂತೆ ಆಹಾರ ಕೊಟ್ಟವರಲ್ಲಿ ಶೇ 78. ಅಧ್ಯಯನದ ಮುಖ್ಯ ಅಳತೆಗೋಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನಾನು ಇಳಿಸುವ ಪಕ್ಷ.

ಅಡಗಿದ ಕ್ಯಾಲರಿಗಳನ್ನು ಮರೆಯಬೇಡಿ. ಮಂಪರು ಬರಿಸುವ ಪ್ರೊಪೊಫಾಲ್‌ನ ಪ್ರತಿ ಎಂ.ಎಲ್.ಗೆ 1.1 ಕಿಲೋಕ್ಯಾಲರಿ, ಒಂದು ಲೀಟರ್ ಶೇ 5 ಡೆಕ್ಸ್‌ಟ್ರೋಸ್‌ನಲ್ಲಿ ಸುಮಾರು 170. ಮನೆಯವರು ಪ್ರೀತಿಯಿಂದ ತರುವ ರಾಗಿ ಗಂಜಿಯನ್ನೂ ನಯವಾಗಿ ತಡೆಯಿರಿ: ಸಕ್ಕರೆಯಂಶ ಏರುತ್ತದೆ, ಅದರ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ ಅಷ್ಟಾಗಿ ಹೀರಿಕೊಳ್ಳುವುದೂ ಇಲ್ಲ. ಥಯಾಮಿನ್ (ವಿಟಮಿನ್ ಬಿ1) ಶುರುವಾಗಿದೆ ತಾನೇ? ದಿನಕ್ಕೆ ಕನಿಷ್ಠ 100 ಮಿ.ಗ್ರಾಂ. ಕುಡಿತದ ಹಿನ್ನೆಲೆ ಇರುವವರಿಗೆ ನಮ್ಮ ವೈದ್ಯರು ಇನ್ನೂ ಹೆಚ್ಚು ಬರೆಯುತ್ತಾರೆ.

ಫಾರ್ಮಸಿಸ್ಟ್, ಮಂಗಳೂರು: ದಯವಿಟ್ಟು ‘ಒಂದು ಆಂಪೂಲ್’ ಎಂದು ಬರೆಯಬೇಡಿ, ಮಿಲಿಮೋಲ್‌ನಲ್ಲಿ ಬರೆಯಿರಿ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರೊಂದಿಗೆ ಒಂದೇ ಲೈನ್‌ನಲ್ಲಿ ಬೇಡ, ಹರಳುಗಟ್ಟುತ್ತದೆ. ಫಾಸ್ಫೇಟ್ ಮಟ್ಟ 2ರ ಆಸುಪಾಸಿಗೆ ಬಂದು, ಹೊಟ್ಟೆ ಆಹಾರ ತಡೆದುಕೊಳ್ಳುತ್ತಿದ್ದರೆ ನಳಿಕೆಯಲ್ಲೇ ಫಾಸ್ಫೇಟ್ ಪುಡಿ ಕೊಡಬಹುದು. ಭೇದಿಯಾದೀತು, ಅಷ್ಟೇ. ಹೊಟ್ಟೆಹುಣ್ಣಿನ ಔಷಧ ಸುಕ್ರಾಲ್‌ಫೇಟ್ ನಡೆಯುತ್ತಿದ್ದರೆ ನಿಲ್ಲಿಸಿ. ಅದರ ಅಲ್ಯುಮಿನಿಯಂ ಫಾಸ್ಫೇಟನ್ನು ಕರುಳಲ್ಲೇ ಹಿಡಿದುಕೊಳ್ಳುತ್ತದೆ.

ಮೂತ್ರಪಿಂಡ ತಜ್ಞ, ಬೆಂಗಳೂರು: ಮೂತ್ರಪಿಂಡ ಸೋತವರಿಗೆ ಮೇಲಿನ ಡೋಸ್ ನಡೆಯದು. ಅರ್ಧದಿಂದ ಶುರುಮಾಡಿ. ಹಗಲಿರುಳು ನಡೆಯುವ ಡಯಾಲಿಸಿಸ್‌ನಲ್ಲಿದ್ದರೆ ಮಾತ್ರ ಕಥೆ ಉಲ್ಟಾ, ಫಾಸ್ಫೇಟ್ ಯಂತ್ರದಲ್ಲೇ ಸೋರಿಹೋಗುತ್ತದೆ. ಡಯಾಬಿಟಿಕ್ ಕೀಟೊಅಸಿಡೋಸಿಸ್‌ನಲ್ಲೂ (ಮಧುಮೇಹ ಹದ್ದುಮೀರಿ ರಕ್ತ ಆಮ್ಲೀಯವಾಗುವ ಸ್ಥಿತಿ) ಇನ್ಸುಲಿನ್ ಹಾಕಿದಂತೆ ಇಳಿಯುತ್ತದೆ. ಅಲ್ಲಿ 1ಕ್ಕಿಂತ ಕೆಳಗೆ ಹೋಗದೆ, ಸ್ನಾಯು ಸೋಲದೆ ಇದ್ದರೆ ನಾನು ಕೈಹಾಕುವುದಿಲ್ಲ. ಕಾರಣವೇ ಸಿಗದಿದ್ದರೆ ಇತ್ತೀಚೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಕಬ್ಬಿಣದ ಡ್ರಿಪ್ ಕೊಟ್ಟಿದ್ದರೇ ಎಂದು ಹಳೆಯ ಚೀಟಿ ಹುಡುಕಿ. ಅದರಿಂದ ವಾರಗಟ್ಟಲೆ ಮೂತ್ರದಲ್ಲಿ ಫಾಸ್ಫೇಟ್ ಹೋಗಬಹುದು. ಅಂದಹಾಗೆ, ಮೆಗ್ನೀಷಿಯಂ ಎಷ್ಟಿದೆ?

ಪ್ರಶ್ನೆ ಕೇಳಿದವರು: 1.3. ಅದನ್ನೂ ಇದೇ ಬ್ಯಾಗ್‌ಗೆ ಸೇರಿಸಬಹುದೇ?

ಫಾರ್ಮಸಿಸ್ಟ್, ಮಂಗಳೂರು: ಬೇಡ. ಬೇರೆ ಬ್ಯಾಗ್, ಬೇರೆ ಲೈನ್.