‘ಶಾಂತಾಲ್’ ಹೆಸರಿಗೂ ಶಾಂತಲೆಗೂ ನಂಟುಂಟೆ?

ಫ್ರೆಂಚ್ ಹೆಣ್ಣುಮಕ್ಕಳ ‘ಶಾಂತಾಲ್’ ಎಂಬ ಹೆಸರು ನಮ್ಮ ಶಾಂತಲೆಯೇ ಇರಬಹುದೇ ಎಂದು ಕೇಳಿದ್ದೀರಿ. ಕಿವಿಗೆ ಹಾಗನ್ನಿಸುವುದು ನಿಜ, ಆದರೆ ನಂಟಿಲ್ಲ. ವಿಷ್ಣುವರ್ಧನನ ರಾಣಿಯ ಹೆಸರಿನಲ್ಲಿರುವುದು ಸಂಸ್ಕೃತದ ‘ಶಾಂತ’. ಫ್ರೆಂಚರದು ಮೂಲದಲ್ಲಿ ಊರಿನ ಹೆಸರು.

ಊರು ಫ್ರಾನ್ಸಿನ ಬರ್ಗಂಡಿ ಸೀಮೆಯದು. ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ನುಡಿಯಲ್ಲಿ ‘ಕಂತಾಲ್’ ಎಂದರೆ ಕಲ್ಲು. ಊರಿನ ಹೆಸರು ಆ ಬೇರಿನದೇ ಎನ್ನುತ್ತಾರೆ. ‘ಕ’ ಹೋಗಿ ‘ಶ’ ಬಂದದ್ದು ವಿಚಿತ್ರವೇನಲ್ಲ. ಲ್ಯಾಟಿನ್ನಿನ ‘ಕಂಪುಸ್’ (ಬಯಲು) ಫ್ರೆಂಚಿನಲ್ಲಿ ‘ಶಾಂ’, ‘ಕಸ್ತೆಲ್ಲುಮ್’ (ಕೋಟೆ) ‘ಶಾತೋ’. ಇದೇ ದಾರಿಯಲ್ಲಿ ‘ಕಂತಾರೆ’ (ಹಾಡುವುದು) ‘ಶಾಂತೆ’ ಆಗಿದೆ, ಗೊಂದಲ ಹುಟ್ಟಿದ್ದೂ ಅಲ್ಲೇ. ಮಗುವಿಗೆ ಹೆಸರು ಹುಡುಕಿಕೊಡುವ ತಾಣಗಳು ಶಾಂತಾಲ್ ಎಂದರೆ ‘ಹಾಡು’ ಎಂದು ಧಾರಾಳವಾಗಿ ಬರೆದುಬಿಡುತ್ತವೆ. ‘ಕಲ್ಲು’ ಎಂದರೆ ಯಾರು ಇಡುತ್ತಾರೆ ಹೇಳಿ!

ಊರಿನ ಹೆಸರು ಹೆಂಗಸರಿಗೆ ಬಂದದ್ದು ಒಬ್ಬ ಸಂತಳಿಂದ. 1572ರಲ್ಲಿ ದಿಜೋಂನಲ್ಲಿ ಹುಟ್ಟಿದ ಜಾನ್-ಫ್ರಾಂಸ್ವಾಜ್ ಫ್ರೆಮಿಯೊ, ಶಾಂತಾಲ್‌ನ ಬ್ಯಾರನ್‌ನನ್ನು ಮದುವೆಯಾದಳು. ಅವನು 1601ರಲ್ಲಿ ಬೇಟೆಯ ಅವಘಡದಲ್ಲಿ ತೀರಿಕೊಂಡ. ಫ್ರಾಂಸ್ವಾ ದ ಸಾಲ್ ಎಂಬ ಬಿಷಪ್ಪರ ಜೊತೆ ಸೇರಿ 1610ರಲ್ಲಿ ಆನ್ಸಿ ಪಟ್ಟಣದಲ್ಲಿ ವಿಸಿಟೇಶನ್ ಎಂಬ ಸನ್ಯಾಸಿನಿಯರ ಸಂಘ ಕಟ್ಟಿದಳು. 1767ರಲ್ಲಿ ಚರ್ಚು ಸಂತ ಪದವಿ ಕೊಟ್ಟಿತು. ಅವಳ ಕಾಲಕ್ಕೆ ಶಾಂತಾಲ್ ಇನ್ನೂ ಮನೆತನದ ಹೆಸರೇ. ಪತ್ರಗಳಿಂದ ಹೆಸರಾದ ಮದಾಂ ದ ಸೆವಿನ್ಯೆ ಅವಳ ಮೊಮ್ಮಗಳು. ಆಕೆಯ ತವರಿನ ಹೆಸರು ರಬ್ಯೂತ್ಯಾಂ-ಶಾಂತಾಲ್.

ಮಲ್ಲಿಕಾರ್ಜುನನ ಭಕ್ತರು ಮಗನಿಗೆ ಶ್ರೀಶೈಲ ಎಂದು ಕ್ಷೇತ್ರದ ಹೆಸರನ್ನೇ ಇಡುವುದಿಲ್ಲವೇ, ಹಾಗೆ ಇದು. ಸಂತಳ ಸ್ವಂತ ಹೆಸರು ಜಾನ್ ಊರೆಲ್ಲ ಇದ್ದದ್ದರಿಂದ, ಅವಳನ್ನೇ ನೆನೆಯಬೇಕೆಂದವರಿಗೆ ಶಾಂತಾಲ್ ಒದಗಿತು. ಕರಾವಳಿಯ ಕ್ರೈಸ್ತರಲ್ಲಿರುವ ಕ್ಸೇವಿಯರ್ ಕೂಡ ಇಂಥದೇ: ಸ್ಪೇನಿನ ನವಾರಾದ ಒಂದು ಕೋಟೆಯ ಹೆಸರು, ಬಾಸ್ಕ್ ನುಡಿಯಲ್ಲಿ ‘ಹೊಸಮನೆ’.

ಫ್ರಾನ್ಸಿನಲ್ಲಿ 1940–50ರ ದಶಕಗಳಲ್ಲಿ ಇದಕ್ಕೆ ಭಾರೀ ಬೇಡಿಕೆಯಿತ್ತು. ಈಗ ಅಜ್ಜಿಯರ ಹೆಸರು. ಜರ್ಮನಿಯಲ್ಲಂತೂ ಹೊರಗಿನ ಹೆಸರಿನ ಹುಚ್ಚನ್ನು ಗೇಲಿಮಾಡಲು ‘ಶಾಂತಾಲಿಸ್ಮುಸ್’ ಎಂಬ ಪದವನ್ನೇ ಹುಟ್ಟಿಸಿದ್ದಾರೆ. ಬಡವರ ಮಕ್ಕಳನ್ನು ಆಡಿಕೊಳ್ಳುವ ಚಾಳಿ ಅದು, ನನಗೆ ಹಿಡಿಸುವುದಿಲ್ಲ.

ಕನ್ನಡದಲ್ಲಿ ‘ಚಾಂಟಲ್’ ಎಂದು ಬರೆಯುವುದು ಬೇಡ. ಫ್ರೆಂಚರ ‘ತ’ ನಮ್ಮದರಂತೆ ಹಲ್ಲಿಗೆ ತಾಗುತ್ತದೆ, ‘ಟ’ ಅಲ್ಲ. ಸೊನ್ನೆಯ ಜಾಗದಲ್ಲಿ ‘ನ್’ ಕೇಳಿಸಬಾರದು, ಸ್ವರವನ್ನೇ ಮೂಗಿನಲ್ಲಿ ಎಳೆಯಬೇಕು. ಅದಕ್ಕೆ ನಮ್ಮಲ್ಲಿ ಬೇರೆ ಗುರುತಿಲ್ಲ, ‘ಶಾಂತಾಲ್’ ಎಂದೇ ಬರೆಯಿರಿ.